ದಿಬ್ಬಕ್ಕೇರಿದ ಹಡಗು: ತೆಗೆಯುವವರ್ಯಾರು, ಖರ್ಚು ಯಾರದ್ದು?

ಒಡೆದ ಹಡಗು ತಾನೇ, ಬಿದ್ದಿರಲಿ ಬಿಡಿ, ಸಮುದ್ರವೇ ತಿಂದು ಹಾಕುತ್ತೆ ಎಂಬ ಮಾತುಂಟು. ಪೆಸಿಫಿಕ್ ಸಾಗರದ ಪಾಲ್ಮೈರಾ ದ್ವೀಪದಲ್ಲಿ ಆದದ್ದೇ ಬೇರೆ.

ಹವಾಯಿಯಿಂದ ಸುಮಾರು 1,600 ಕಿ.ಮೀ. ದಕ್ಷಿಣದಲ್ಲಿರುವ ಈ ದ್ವೀಪದ ಹವಳದ ದಿಬ್ಬಕ್ಕೆ 1991ರಲ್ಲಿ ತೈವಾನಿನ ಮೀನುಗಾರಿಕಾ ಹಡಗೊಂದು ಬಡಿದು ಕೂತಿತು. 2001ರಲ್ಲಿ ಅಮೆರಿಕ ಸರಕಾರ ಪಾಲ್ಮೈರಾವನ್ನು ವನ್ಯಜೀವಿ ರಕ್ಷಿತ ತಾಣವೆಂದು ಘೋಷಿಸಿತು. ಹಡಗು ಮಾತ್ರ ಕದಲಲಿಲ್ಲ. ಅದರ ಸುತ್ತ ಹವಳವನ್ನೇ ಹೋಲುವ ಮೆತ್ತನೆಯ ಜೀವಿಯೊಂದು ಚಾಪೆಯಂತೆ ಹಬ್ಬಿ ಅಸಲಿ ಹವಳವನ್ನು ಮುಚ್ಚುತ್ತಿರುವುದನ್ನು 2008ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ತುಕ್ಕಿನಿಂದ ಕರಗುವ ಕಬ್ಬಿಣವೇ ಅದಕ್ಕೆ ಗೊಬ್ಬರವಾಗಿರಬಹುದೆಂಬ ಶಂಕೆ ಅವರದು. ಹಡಗನ್ನು ತೆಗೆಯುವ ಕೆಲಸ ಶುರುವಾದದ್ದು 2013ರ ಕೊನೆಗೆ!

ಅಮೆರಿಕನ್ ಸಮೋವಾದ ರೋಸ್ ದ್ವೀಪದಲ್ಲೂ 1993ರಲ್ಲಿ ಇಂಥದ್ದೇ ಹಡಗು ಸಿಕ್ಕಿಬಿದ್ದು, ಸುಮಾರು ಒಂದು ಲಕ್ಷ ಗ್ಯಾಲನ್ ಡೀಸೆಲ್ ಸೋರಿತು. ಎಣ್ಣೆ ಚದುರಿತು, ಕಬ್ಬಿಣ ಉಳಿಯಿತು, ಪಾಚಿ ಬೆಳೆಯಿತು.

ತೆಗೆಯೋದು ಸುಲಭವೂ ಅಲ್ಲ. ಹತ್ತಿರ ಬಂದರಿಲ್ಲ, ಕ್ರೇನ್ ಇಲ್ಲ. ಎಳೆದರೆ ಉಳಿದ ಹವಳವೂ ಪುಡಿಯಾದೀತು. ಹಾಗಾಗಿ ಹಡಗು ಗಟ್ಟಿಯಿರುವ ಮೊದಲ ವಾರಗಳೇ ಮುಖ್ಯ. ತುಕ್ಕು ಹಿಡಿದು ಮುರಿದ ಮೇಲೆ ತುಂಡು ತುಂಡಾಗಿ ಕತ್ತರಿಸದೆ ವಿಧಿಯಿಲ್ಲ.

ಆದರೆ ಆ ವಾರಗಳು ಕಳೆಯೋದೇ ಖರ್ಚು ಯಾರದ್ದೆಂಬ ಚರ್ಚೆಯಲ್ಲಿ. ಭಾರತವೂ ಸೇರಿರುವ, 2015ರಲ್ಲಿ ಜಾರಿಗೆ ಬಂದ ನೈರೋಬಿ ಒಪ್ಪಂದ ಮಾಲೀಕನೇ ಹೊಣೆ ಎನ್ನುತ್ತದೆ, ಸರಿ. ಆದರೆ ಅದರ ಕಡ್ಡಾಯ ವಿಮೆ 300 ಗ್ರಾಸ್ ಟನ್ ಮೇಲ್ಪಟ್ಟ ಹಡಗುಗಳಿಗೆ ಮಾತ್ರ. ಬಹುಪಾಲು ಮೀನುಗಾರಿಕಾ ದೋಣಿಗಳು ಅದರ ಕೆಳಗೇ ಉಳಿಯುತ್ತವೆ. ಮಾಲೀಕ ಕೈಯೆತ್ತಿದರೆ ಬಿಲ್ಲು ಜನರ ತಲೆಗೆ, ತುಕ್ಕು ಹವಳದ ತಲೆಗೆ.