ಪಾಚಿ ಆಹಾರ: ಗುಣವರಿತು ಬಳಸಿರಿ

ಪಾಚಿ ಎಂದೊಡನೆ ನಮಗೆ ನೆನಪಾಗುವುದು ಬಾವಿಯ ಮೆಟ್ಟಿಲಿನ ಜಾರಿಕೆ ಮತ್ತು ಕೆರೆಯ ಮೇಲಿನ ಹಸಿರು ಪದರ. ಅದನ್ನು ತಿನ್ನಬಹುದೆಂದರೆ ಮೂಗು ಮುರಿಯುವವರೇ ಹೆಚ್ಚು. ಆದರೆ ಸ್ಪಿರುಲಿನ ಎಂಬ ನೀಲಿ-ಹಸಿರು ಪಾಚಿಯನ್ನು ಮೆಕ್ಸಿಕೋದ ಅಜ್ಟೆಕ್ ಜನರು ಹಿಂದೆಯೇ ಸರೋವರದಿಂದ ಸೋಸಿ ತಿನ್ನುತ್ತಿದ್ದರು. ಆಫ್ರಿಕದ ಚಾಡ್ ದೇಶದಲ್ಲಿ ಕಾನೆಂಬು ಹೆಂಗಸರು ಇಂದಿಗೂ ಅದನ್ನು ಒಣಗಿಸಿ ಸಾರಿಗೆ ಹಾಕುತ್ತಾರೆ. ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದಲ್ಲಿಯೇ ಜರ್ಮನಿಯ ಸಹಕಾರದಿಂದ ಪಾಚಿ ಕೃಷಿಯ ಸಂಶೋಧನೆ ನಡೆಯಿತು.

ಇಂದು ಇದರ ಪುಡಿ ಮತ್ತು ಗುಳಿಗೆಗಳು ಔಷಧಿ ಅಂಗಡಿಗಳಲ್ಲಿ ದೊರೆಯುತ್ತವೆ. ಕೊಳ್ಳಬೇಕೇ ಬೇಡವೇ? ಕೊಳ್ಳಬಹುದು, ಆದರೆ ಯಾವುದಕ್ಕಾಗಿ ಎಂಬುದನ್ನು ತಿಳಿದು ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಮಾರಾಟಗಾರರು ಮೊದಲು ಹೇಳುವುದು ಸಸಾರಜನಕದ ಮಾತು. ಒಣಪುಡಿಯಲ್ಲಿ ಶೇಕಡಾ 55ರಿಂದ 70ರಷ್ಟು ಸಸಾರಜನಕವಿರುವುದು ನಿಜ. ಆದರೆ ದಿನಕ್ಕೆ ತಿನ್ನುವುದು ಎಷ್ಟು? 3 ಗ್ರಾಂ ಪುಡಿಯಿಂದ ಸಿಗುವುದು ಸುಮಾರು 2 ಗ್ರಾಂ ಸಸಾರಜನಕ. ಒಂದು ಹಿಡಿ, ಅಂದರೆ 50 ಗ್ರಾಂ ಹುರುಳಿಯಿಂದ ಸುಮಾರು 11 ಗ್ರಾಂ ಸಿಗುತ್ತದೆ. ಹೊಲದ ಹುರುಳಿ, ಅವರೆ ಮಾರಿ ಆ ಹಣದಲ್ಲಿ ಗುಳಿಗೆ ತರುವುದು ಜಾಣತನವಲ್ಲ.

ಪಾಚಿಯ ನಿಜವಾದ ಬಲವಿರುವುದು ಬೇರೆ ಕಡೆ. ನಮ್ಮ ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುವ ಕ್ಯಾರೊಟೀನ್ ಅದರಲ್ಲಿ ಹೇರಳವಾಗಿದೆ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ ಸುಮಾರು 5,000 ಮಕ್ಕಳಿಗೆ ದಿನಕ್ಕೆ ಕೇವಲ 1 ಗ್ರಾಂನಂತೆ ಇದನ್ನು ಕೊಟ್ಟಾಗ, ಎ ಜೀವಸತ್ವದ ಕೊರತೆಯಿಂದ ಕಣ್ಣಿನಲ್ಲಿ ಮೂಡುವ ಮಚ್ಚೆಗಳು ಬಹುಮಟ್ಟಿಗೆ ಕಡಿಮೆಯಾದವು. ಕಬ್ಬಿಣಾಂಶವೂ ಇದೆ. ಆದರೆ 3 ಗ್ರಾಂ ಪುಡಿಯಲ್ಲಿ ಅದು ಸುಮಾರು 1 ಮಿಲಿಗ್ರಾಂ ಮಾತ್ರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5ರಷ್ಟು, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಇಂಥವರು ಪಾಚಿಯನ್ನೇ ನಂಬಿ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಡಬಾರದು. ಸಸ್ಯಾಹಾರಿಗಳಿಗೆ ಇದು ಬಿ-12 ಕೊಡುತ್ತದೆ ಎಂಬ ಮಾತೂ ಸರಿಯಲ್ಲ. ಇದರಲ್ಲಿರುವುದು ಬಹುಪಾಲು ದೇಹಕ್ಕೆ ಒದಗದ ರೂಪದ್ದು. ಅದಕ್ಕೆ ಹಾಲು ಮೊಸರೇ ಆಗಬೇಕು.

ಇನ್ನೊಂದು ಮುಖ್ಯ ಎಚ್ಚರಿಕೆ. ಯಲಹಂಕ ಬಳಿಯ ಸಿಂಗಾಪುರದಂಥ ಕೆರೆಯೂರುಗಳು ಇಂದು ಬೆಂಗಳೂರಿನೊಳಗೆ ಸೇರಿಹೋಗಿವೆ. ಅಲ್ಲಿನ ಯಾವ ಕೆರೆಯಲ್ಲೇ ಆಗಲಿ, ನೀರು ಹಸಿರಾಗಿದೆಯೆಂದು ಆ ಪಾಚಿಯನ್ನು ತೆಗೆದು ತಿನ್ನಬೇಡಿ, ದನಗಳಿಗೂ ಹಾಕಬೇಡಿ. ಕೊಳಚೆ ಸೇರಿದ ನೀರಿನಲ್ಲಿ ಬೆಳೆಯುವ ಮೈಕ್ರೊಸಿಸ್ಟಿಸ್ ಎಂಬ ಪಾಚಿ ಯಕೃತ್ತಿಗೆ ವಿಷ. ಕುದಿಸಿದರೂ ಆ ವಿಷ ಹೋಗುವುದಿಲ್ಲ. ತಿನ್ನುವ ಪಾಚಿಯನ್ನು ಶುದ್ಧ ನೀರಿನ ತೊಟ್ಟಿಯಲ್ಲಿ, ಅಡುಗೆ ಸೋಡ ಮತ್ತು ಲವಣಗಳನ್ನು ಹಾಕಿ, ಕ್ಷಾರಗುಣ ಕಾಪಾಡಿ ಬೆಳೆಸುತ್ತಾರೆ. 30ರಿಂದ 35 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಅದಕ್ಕೆ ಹಿತ. ಬೆಂಗಳೂರಿನ ಚಳಿಗಾಲದಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ. ಹಿತ್ತಿಲಲ್ಲಿ ಬೆಳೆಸಬಯಸುವವರು ಮೊದಲು ತರಬೇತಿ ಪಡೆದು, ಶುದ್ಧ ತಳಿಯನ್ನೇ ತಂದು, ಬೆಳೆದದ್ದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಬಳಸಬೇಕು.

ಕೊಳ್ಳುವವರು ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಮತ್ತು ತಯಾರಾದ ದಿನಾಂಕ ನೋಡಿರಿ. ಬಿಸಿಲು ಮತ್ತು ಹೆಚ್ಚು ಕಾವು ಕ್ಯಾರೊಟೀನನ್ನು ಹಾಳುಮಾಡುತ್ತವೆ. ಆದ್ದರಿಂದ ಪುಡಿಯನ್ನು ಕುದಿಸದೆ, ಒಲೆಯಿಂದ ಇಳಿಸಿದ ಸಾರಿಗೆ ಅಥವಾ ಚಟ್ನಿಪುಡಿಗೆ ಬೆರೆಸಿರಿ. ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲೇ ಸಾಕು. ಗರ್ಭಿಣಿಯರು ಮತ್ತು ಕಾಯಿಲೆಗೆ ಔಷಧಿ ಸೇವಿಸುವವರು ವೈದ್ಯರನ್ನು ಕೇಳಿಯೇ ಬಳಸಬೇಕು.

ಮನೆಯ ಹಿಂದೆ ನುಗ್ಗೆ ಮರವಿದ್ದು, ಅದರ ಸೊಪ್ಪು ವಾರಕ್ಕೆರಡು ಬಾರಿ ಸಾರಿಗೆ ಬೀಳುತ್ತಿದ್ದರೆ ಕ್ಯಾರೊಟೀನ್ ಆಗಲೇ ನಿಮ್ಮ ತಟ್ಟೆಯಲ್ಲಿದೆ. ಸೊಪ್ಪು ಸಿಗದ ಬೇಸಿಗೆಯಲ್ಲಿ, ಸೊಪ್ಪು ಮುಟ್ಟದ ಮಕ್ಕಳಿರುವ ಮನೆಯಲ್ಲಿ, ಚಿಟಿಕೆ ಪಾಚಿ ಪುಡಿ ಆ ಕೊರತೆಯನ್ನು ತುಂಬಬಲ್ಲದು. ಮುದ್ದೆ, ಕಾಳು, ಸೊಪ್ಪು, ಮಜ್ಜಿಗೆ ಇವು ಊಟ. ಪಾಚಿ ಅದಕ್ಕೆ ಆಸರೆ. ಆಸರೆಯನ್ನೇ ಊಟವೆಂದು ತಿಳಿಯದಿದ್ದರೆ ಅದರಿಂದ ಲಾಭವೇ ಉಂಟು.