‘ನೇಟಿವ್ ಸ್ಪೀಕರ್’ ಅಲ್ಲದ ನಮ್ಮ ಮೇಷ್ಟ್ರುಗಳು



ಇಂಗ್ಲಿಷ್ ಪಾಠ ಹೇಳಲೆಂದು ಊರಿನಿಂದ ಕುವೈತಿಗೆ ಬರುವ ಹೊಸಬರಿಗೆ ನಾವೆಲ್ಲ ಕೊಡುವ ಬುದ್ಧಿವಾದ ಒಂದೇ ತರಹದ್ದು. ಸೆಪ್ಟೆಂಬರಿನಲ್ಲೂ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಹುಷಾರು. ಇಲ್ಲಿ ವಾರ ಶುರುವಾಗುವುದು ಭಾನುವಾರ. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಹೊರಗೆ ತಿನ್ನಬೇಡಿ, ಕುಡಿಯಬೇಡಿ. ಸಿವಿಲ್ ಐಡಿ ಕೈಗೆ ಬರುವ ತನಕ ತಾಳ್ಮೆ ಇರಲಿ. ಎಲ್ಲವೂ ಸರಿಯೇ. ಆದರೆ ಬಿಸಿಲು ಎರಡು ವಾರಕ್ಕೆ ಅಭ್ಯಾಸವಾಗುತ್ತದೆ, ಅಬ್ಬಾಸಿಯಾದ ಅಂಗಡಿಗಳಲ್ಲಿ ನಮ್ಮ ಅಕ್ಕಿ, ಬೇಳೆ, ಸಾಂಬಾರು ಪುಡಿ ಎಲ್ಲ ಸಿಗುತ್ತದೆ. ಹೊಸಬರನ್ನು ನಿಜವಾಗಿ ಕಂಗೆಡಿಸುವ ಸಂಗತಿಯನ್ನು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ.

ಅದು ‘ನೇಟಿವ್ ಸ್ಪೀಕರ್’ ಎಂಬ ಮಾತು. ಖಾಸಗಿ ಶಾಲೆಗಳ ಜಾಹೀರಾತುಗಳಲ್ಲಿ ಈ ಷರತ್ತು ಹೊಸದೇನಲ್ಲ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ (ಹೆಸರು ಬೇಡ) ಪಕ್ಕದ ಕ್ಲಾಸಿನವರಿಗೂ ನನಗೂ ಅಷ್ಟೇ ಪೀರಿಯಡ್ಡು, ಅದೇ ಪುಸ್ತಕ, ಅದೇ ಪರೀಕ್ಷೆ. ಬಿ.ಎಡ್. ನನಗಿತ್ತು, ಅವರಿಗಿರಲಿಲ್ಲ. ಸಂಬಳ ಮಾತ್ರ ಅವರಿಗೆ ನನ್ನ ಎರಡರಷ್ಟು, ಮೇಲೆ ವಾಸಕ್ಕೊಂದು ಫ್ಲಾಟು! ವ್ಯತ್ಯಾಸವೆಲ್ಲ ಪಾಸ್‌ಪೋರ್ಟಿನ ಬಣ್ಣದ್ದು. ಮನುಷ್ಯರು ಅವರು ಒಳ್ಳೆಯವರೇ, ಈಗಲೂ ಸ್ನೇಹಿತರು. ನನ್ನ ತಕರಾರು ಲೆಕ್ಕದ ಮೇಲೆ.

ಸಂಬಳಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಊರಿನಲ್ಲಿ ಹತ್ತು ವರ್ಷ ಪಾಠ ಹೇಳಿ ಹೆಸರು ಮಾಡಿದ ಹೆಣ್ಣುಮಗಳು ಇಲ್ಲಿಗೆ ಬಂದ ಮೂರನೆಯ ವಾರಕ್ಕೇ ನಾಲಿಗೆ ಹೊರಳಿಸಿ ಯಾವುದೋ ಟೀವಿ ಇಂಗ್ಲಿಷ್ ಆಡಲು ಶುರು ಮಾಡುತ್ತಾಳೆ. ತನ್ನ ಕಸುಬಿನ ಮೇಲಿನ ನಂಬಿಕೆಯೇ ಹೋದ ಮೇಲೆ ಪಾಠ ಏನು ಹೇಳಿಯಾಳು?

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕುವೈತಿ ಮಗುವಿಗೆ ಇಂಗ್ಲಿಷಿನ ಮೊದಲ ಮೆಟ್ಟಿಲು ಹತ್ತಿಸಲು ಕನ್ನಡದಿಂದ ಇಂಗ್ಲಿಷಿಗೆ ಹೋದವರು ಯಾರಿಗೂ ಕಡಿಮೆಯಲ್ಲ. ಕೆಲವು ವಿಷಯಗಳಲ್ಲಿ ಒಂದು ಕೈ ಮೇಲೇ. ಇಂಗ್ಲಿಷ್ ಕಲಿಸಲು ಹುಟ್ಟಾ ಇಂಗ್ಲಿಷಿನವರೇ ಆಗಬೇಕೆನ್ನುವುದು ಮಿಥ್ಯೆ ಎಂದು ರಾಬರ್ಟ್ ಫಿಲಿಪ್ಸನ್ ಎಂಬ ಬ್ರಿಟಿಷ್ ವಿದ್ವಾಂಸರೇ 1992ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಪುಸ್ತಕ ಹಾಗಿರಲಿ, ತರಗತಿಗೇ ಬನ್ನಿ.

ಇಲ್ಲಿನ ಮಗು ‘ಐ ಸ್ಟೂಡೆಂಟ್’ ಎಂದು ಬರೆಯುತ್ತದೆ. ಪಕ್ಕದ ಕ್ಲಾಸಿನವರಿಗೆ ಅದು ಬರೀ ತಪ್ಪು. ನನಗೆ ಅದು ಎಲ್ಲಿಂದ ಬಂತೆಂದು ಗೊತ್ತು. ಅರಬಿಯಲ್ಲಿ ‘ಅನಾ ತಾಲಿಬ್’ ಅಂದರೆ ಮುಗಿಯಿತು, ನಮ್ಮ ‘ನಾನು ವಿದ್ಯಾರ್ಥಿ’ ಇದ್ದ ಹಾಗೆ. ನಡುವೆ ‘ಆ್ಯಮ್’ ಎಂಬುದೊಂದು ಬೇಕು ಎಂದು ನಾನೂ ಒಂದು ಕಾಲದಲ್ಲಿ ಕಲಿಯಬೇಕಾಯಿತು, ಹಾಗಾಗಿ ಕಲಿಸಲು ಬರುತ್ತದೆ. ಅರಬಿಯಲ್ಲಿ ‘ಪ’ಕಾರ ಇಲ್ಲ, ಪೆಪ್ಸಿ ಹೋಗಿ ಬೆಬ್ಸಿ ಆಗುತ್ತದೆ. ನಾವು ಬಸ್ಸಿಗೂ ಪೆನ್ನಿಗೂ ಒಂದು ‘ಉ’ಕಾರ ಅಂಟಿಸಿದವರು, ನಗುವ ಹಕ್ಕು ನಮಗೆಲ್ಲಿದೆ! ಇನ್ನು ‘ದ’ ಎಂಬ ಪುಟ್ಟ ಪದ: ಅವರ ಭಾಷೆಯಲ್ಲಿ ‘ಅಲ್’ ಇರುವುದರಿಂದ ಬೇಡದ ಕಡೆಯೂ ಸೇರಿಸುತ್ತಾರೆ, ನಮ್ಮಲ್ಲಿ ಅಂಥದ್ದೇ ಇಲ್ಲದ್ದರಿಂದ ಬೇಕಾದ ಕಡೆಯೂ ನಾವು ಬಿಡುತ್ತೇವೆ. ದೊಡ್ಡಕ್ಷರ ಅರಬಿಯಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ.

ಹೊಸಬರಿಗೆ ನಾನು ಯಾವಾಗಲೂ ಹೇಳುವ ಮಾತೊಂದಿದೆ: ಮೊದಲ ದಿನ ಹಾಜರಿ ತೆಗೆದುಕೊಳ್ಳುವಾಗ ಕಿವಿಗೊಟ್ಟು ಕೇಳಿ. ‘ಹಾದಿರ್’ ಎಂದು ಮಕ್ಕಳು ಕೂಗುವುದು ನಮ್ಮ ‘ಹಾಜರ್’ ಅಲ್ಲದೆ ಬೇರೇನಲ್ಲ. ಗೈರು, ಕುರ್ಚಿ, ತಾರೀಕು, ವಕೀಲ, ಅಸಲು, ಖಾಲಿ, ಎಲ್ಲ ಅರಬಿ ಮೂಲದಿಂದ ನಮ್ಮೂರ ಕಚೇರಿ, ಅಂಗಡಿಗಳಿಗೆ ಬಂದು ಕೂತವು. ಆ ಭಾಷೆ ನಾವು ಅಂದುಕೊಂಡಷ್ಟು ದೂರದ್ದಲ್ಲ. ಇಲ್ಲಿನ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 1993ರಲ್ಲಿ, ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2007ರಲ್ಲಿ. ಮನೆಯಲ್ಲಿ ಇಂಗ್ಲಿಷ್ ಇಲ್ಲದ ಮಗು ಎಂದರೇನೆಂದು ನಮ್ಮ ಮೇಷ್ಟ್ರುಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಿ.ಎಂ.ಶ್ರೀ., ಅಡಿಗ, ಅನಂತಮೂರ್ತಿ, ಇವರೆಲ್ಲ ಹೊಟ್ಟೆಪಾಡಿಗೆ ಇಂಗ್ಲಿಷ್ ಮೇಷ್ಟ್ರುಗಳೇ ತಾನೇ! ಅವರ ಉಚ್ಚಾರಣೆ ಲಂಡನ್ನಿನದೇ ಎಂದು ಯಾವ ವಿದ್ಯಾರ್ಥಿ ಕೇಳಿದ್ದ?

ಹಾಗೆಂದು ನಮ್ಮದೆಲ್ಲ ಸರಿ ಎನ್ನುವಂತಿಲ್ಲ. ನೋಟ್ಸ್ ಹೇಳಿ ಬರೆಸುವ, ಉತ್ತರ ಬಾಯಿಪಾಠ ಮಾಡಿಸುವ ನಮ್ಮ ಪದ್ಧತಿ ಇಲ್ಲಿ ಎರಡು ದಿನವೂ ನಡೆಯುವುದಿಲ್ಲ. ಮೇಷ್ಟ್ರು ಬಂದೊಡನೆ ಎದ್ದು ನಿಂತು ‘ನಮಸ್ತೇ’ ಎನ್ನುವ ಕ್ಲಾಸು ಸಿಗದು. ‘ಅಬ್ಲಾ, ಅಬ್ಲಾ’ ಎಂದು ಟೀಚರ ಮೇಜಿಗೇ ಮುತ್ತಿಗೆ ಹಾಕುತ್ತವೆ, ಕೇಳದೆ ಕತೆ ಹೇಳುತ್ತವೆ, ಬೈದರೆ ಸಂಜೆಗೆ ಮನೆಯಿಂದ ಫೋನು ಬರುತ್ತದೆ. ಅದನ್ನು ಅಗೌರವ ಎಂದು ಎಣಿಸಿದವರು ಮೊದಲ ತಿಂಗಳೇ ಸೋಲುತ್ತಾರೆ. ಮಾತಾಡುವ ಮಗುವಿಗೆ ಭಾಷೆ ಕಲಿಸುವುದು ಸುಲಭ ಎಂದುಕೊಂಡವರು ಗೆಲ್ಲುತ್ತಾರೆ.

ಇನ್ನು ದೂರುವುದಾದರೆ ಬರೀ ಶಾಲೆಗಳನ್ನು ದೂರಿ ಫಲವಿಲ್ಲ. ನಮ್ಮ ಪಿಕ್ನಿಕ್ಕುಗಳಲ್ಲೇ ‘ನಮ್ಮ ಮಗನ ಶಾಲೆಯಲ್ಲಿ ಟೀಚರುಗಳೆಲ್ಲ ಬ್ರಿಟಿಷರು’ ಎಂದು ಹೆಮ್ಮೆಯಿಂದ ಹೇಳುವುದನ್ನು ಎಷ್ಟು ಸಲ ಕೇಳಿಲ್ಲ? ಪಕ್ಕದಲ್ಲೇ ಊಟದ ತಟ್ಟೆ ಹಿಡಿದು ನಿಂತ ನಮ್ಮ ಶಿವಮೊಗ್ಗದ, ಧಾರವಾಡದ ಟೀಚರಿಗೆ ಹೇಗನಿಸೀತು?

ಕೂಟದ ಸಮಿತಿಯವರಲ್ಲಿ ನನ್ನದೊಂದು ಕೋರಿಕೆ. ಶಾಲೆ ಶುರುವಾಗುವ ಮುಂಚೆ ಒಂದು ಶುಕ್ರವಾರ ಹಳೆಯ ಮೇಷ್ಟ್ರುಗಳೂ ಹೊಸಬರೂ ಸೇರುವಂತೆ ಮಾಡಿ. ಅರಬಿ ಓದಬಲ್ಲವರು ಒಬ್ಬರಿರಲಿ. ಯಾಕೆಂದರೆ 2010ರ 6ನೇ ಸಂಖ್ಯೆಯ ಕಾರ್ಮಿಕ ಕಾನೂನಿನ ಪ್ರಕಾರ ನೌಕರಿ ಒಪ್ಪಂದದ ಅರಬಿ ಪಾಠವೇ ಅಂತಿಮ, ಇಂಗ್ಲಿಷ್ ಅನುವಾದವನ್ನು ನಂಬಿ ಸಹಿ ಹಾಕುವವರು ನಮ್ಮಲ್ಲಿ ಬಹಳ. ಸಂಬಳ, ರಜೆ, ನೋಟಿಸಿನ ಅವಧಿ, ಈ ಮೂರನ್ನು ಓದಿ ಹೇಳಿದರೂ ಸಾಕು. ಜಾಗ ನೀವು ನೋಡಿ, ಅವಲಕ್ಕಿ ಮತ್ತು ಕಾಫಿ ನನ್ನ ಮನೆಯಿಂದ ಬರುತ್ತದೆ.