ರಿಮೋಟ್ ನಿಮ್ಮದು, ಫುಟ್‌ಪಾತ್ ಯಾರಪ್ಪನದು?

‘ಮೂವತ್ತು ವರ್ಷದಿಂದ ನಮ್ಮ ಗೇಟು ಹೊರಕ್ಕೇ ತೆಗೆಯುತ್ತಿದೆ, ಈಗ ಮೋಟರ್ ಹಾಕಿಸಿದರೆ ನಿಮಗೇನು ಕಷ್ಟ?’ ಸಾಗರದಲ್ಲಿ ಈ ಮಾತು ಕೇಳಿದ್ದಾಯಿತು, ಹೊಸನಗರದಲ್ಲಿ ಕೇಳಿದ್ದಾಯಿತು, ತೀರ್ಥಹಳ್ಳಿಯಲ್ಲಂತೂ ಕೇಳಿ ಕೇಳಿ ಕಿವಿ ತೂತಾಯಿತು. ಕಷ್ಟ ಇದೆ ಸ್ವಾಮಿ. ಮೂವತ್ತು ವರ್ಷ ನಡೆಸಿಕೊಂಡು ಬಂದ ತಪ್ಪಿಗೆ ಕರೆಂಟ್ ಕೊಟ್ಟ ಮಾತ್ರಕ್ಕೆ ಅದು ಹಕ್ಕಾಗುವುದಿಲ್ಲ.

ಸಣ್ಣ ಲೆಕ್ಕ ಹಾಕಿ. ಕಾರು ಹೋಗಲೆಂದು ಹನ್ನೆರಡು ಅಡಿಯ ಗೇಟು. ಎರಡು ಬಾಗಿಲು, ಒಂದೊಂದೂ ಆರಡಿ. ಆರಡಿ ಎಂದರೆ 1.83 ಮೀಟರ್. ವಸತಿ ಬೀದಿಯ ಫುಟ್‌ಪಾತ್‌ನಲ್ಲಿ ನಡೆಯುವವರಿಗೆಂದು ಕನಿಷ್ಠ ಎಷ್ಟು ಅಗಲ ಖಾಲಿ ಇರಬೇಕು? ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿಯ ಪ್ರಕಾರ 1.8 ಮೀಟರ್. ನಿಮ್ಮ ಗೇಟು ತೆರೆದಾಗ ನಡೆಯುವವನಿಗೆ ಉಳಿಯುವುದು ಸೊನ್ನೆ! ಅದೂ ಮಾರ್ಗಸೂಚಿಯ ಕಾಗದದ ಫುಟ್‌ಪಾತ್ ಇದ್ದರೆ. ನಮ್ಮೂರುಗಳಲ್ಲಿ ಚರಂಡಿಯ ಮೇಲೆ ಹಾಸಿದ ಚಪ್ಪಡಿಯೇ ಫುಟ್‌ಪಾತ್. ಆರಡಿಯ ಕಬ್ಬಿಣ ಅದನ್ನು ದಾಟಿ ಟಾರು ರಸ್ತೆಗೂ ಬರುತ್ತದೆ.

ಕೈಯಲ್ಲಿ ತೆಗೆಯುವ ಗೇಟಿಗೆ ಕನಿಷ್ಠ ಒಂದು ಮರ್ಯಾದೆ ಇತ್ತು. ಮನೆಯವರು ಯಾರಾದರೂ ಬಂದು ಚಿಲಕ ತೆಗೆದು, ಹೊರಗೆ ಇಣುಕಿ, ‘ಒಂಚೂರು ನಿಲ್ಲೋ ಮಾರಾಯ’ ಎಂದು ಶಾಲೆ ಹುಡುಗನಿಗೆ ಹೇಳಿ ತಳ್ಳುತ್ತಿದ್ದರು. ಈಗ ಒಳಗೆ ಪೋರ್ಟಿಕೋದಲ್ಲಿ ಕಾರಿನ ಗಾಜು ಏರಿಸಿಕೊಂಡು ಕೂತವರು ಗುಂಡಿ ಒತ್ತುತ್ತಾರೆ. ಎತ್ತರದ ಕಾಂಪೌಂಡಿನ ಆಚೆ, ಜುಲೈ ಮಳೆಯಲ್ಲಿ ಕೊಡೆ ಓರೆ ಹಿಡಿದು, ತಲೆ ತಗ್ಗಿಸಿ ಬರುವ ಅಜ್ಜಿ ಅವರಿಗೆ ಕಾಣುವುದಿಲ್ಲ. ಮೋಟರಿಗಂತೂ ಕಣ್ಣೇ ಇಲ್ಲ.

‘ಸೆನ್ಸರ್ ಇದೆಯಲ್ಲ!’ ಇದೆ, ಎಲ್ಲಿದೆ? ಎರಡು ಕಂಬಗಳ ನಡುವೆ, ನಿಮ್ಮ ಕಾರಿಗೆ ಗೀರು ಬೀಳದ ಹಾಗೆ. ಗೇಟು ಬೀಸುವುದು ಕಂಬದಿಂದ ಆಚೆ. ಅಲ್ಲಿಯೂ ಅಂಥದೇ ಸೆನ್ಸರ್ ಬೇಕೆಂದರೆ ಫುಟ್‌ಪಾತ್ ಮೇಲೇ ಇನ್ನೊಂದು ಕಂಬ ನೆಡಬೇಕು. ಅದಕ್ಕೂ ಹೇಸದವರು ಇದ್ದಾರೆ ಬಿಡಿ. 2010ರಲ್ಲಿ ಬ್ರಿಟನ್ನಿನಲ್ಲಿ ಒಂದೇ ವಾರದ ಅಂತರದಲ್ಲಿ ಇಬ್ಬರು ಪುಟ್ಟ ಬಾಲಕಿಯರು ಮೋಟರ್ ಗೇಟುಗಳಿಗೆ ಸಿಕ್ಕಿ ಸತ್ತರು. ಅಲ್ಲಿ ನಿಯಮ ಇತ್ತು, ತಪಾಸಣೆ ಇತ್ತು. ಇಲ್ಲಿ ಇರುವುದು ಪೇಟೆಯ ವೆಲ್ಡಿಂಗ್ ಶಾಪು ಮತ್ತು ‘ಏನೂ ಆಗಲ್ಲ ಸಾರ್’ ಎಂಬ ಭರವಸೆ.

ಇನ್ನು ಕರೆಂಟು. ಲಿಂಗನಮಕ್ಕಿ ಅಣೆಕಟ್ಟು ಸಾಗರ ತಾಲ್ಲೂಕಿನದು. ಶರಾವತಿಗೆ ಮನೆ, ಗದ್ದೆ, ತೋಟ ಬಿಟ್ಟುಕೊಟ್ಟವರು ಸಾಗರ, ಹೊಸನಗರದವರು. ನಾಡಿಗೆಲ್ಲ ಬೆಳಕು ಕೊಟ್ಟ ಈ ಸೀಮೆಯಲ್ಲಿ ಒಂದು ಗಾಳಿ ಬೀಸಿ, ತಂತಿಯ ಮೇಲೊಂದು ಕೊಂಬೆ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ದೇವರಿಗೇ ಗೊತ್ತು. ಅಂಥ ಊರಿನಲ್ಲಿ ಗೇಟು ಅರ್ಧ ತೆರೆದಾಗ ಕರೆಂಟು ಹೋದರೆ? ಬ್ಯಾಟರಿಗೆ ದುಡ್ಡು ಉಳಿಸಿದವರ ಗೇಟು ಬೀದಿಗೆ ಅಡ್ಡವಾಗಿ ನಿಂತೇ ಇರುತ್ತದೆ, ಲೈನ್‌ಮನ್ ಕಂಬ ಹತ್ತಿ ಇಳಿಯುವವರೆಗೆ.

ನೆವಗಳಿಗೇನು ಬರವೇ! ‘ಅಂಗಳ ಏರು, ಒಳಕ್ಕೆ ತೆಗೆದರೆ ನೆಲಕ್ಕೆ ಉಜ್ಜುತ್ತದೆ.’ ಸರಿ, ಕಾಂಪೌಂಡಿನ ಒಳಮೈಗೆ ಹಳಿ ಹಾಕಿ ಸ್ಲೈಡಿಂಗ್ ಗೇಟು ಮಾಡಿಸಿ, ಅದಕ್ಕೂ ಸೆನ್ಸರ್ ಹಾಕಿಸಿ. ‘ಒಳಕ್ಕೆ ತೆಗೆಯುವ ಗೇಟನ್ನು ದನ ತಳ್ಳಿಕೊಂಡು ಬರುತ್ತದೆ.’ ಅಲ್ರೀ, ಮೋಟರ್ ಹಿಡಿದು ನಿಲ್ಲಿಸಿದ ಗೇಟನ್ನು ತಳ್ಳುವ ದನ ಯಾವ ಕೊಟ್ಟಿಗೆಯದು? ‘ಹಳಿಗೆ ಜಾಗ ಇಲ್ಲ.’ ಹಾಗಾದರೆ ಗೇಟಿನ ಕಂಬಗಳನ್ನು ಆರಡಿ ಒಳಗೆ ನೆಡಿ. ಬೇಕಾದ ಕಡೆಗೆ ಬೀಸಲಿ. ‘ಅಯ್ಯೋ, ನಮ್ಮ ಆರಡಿ ಹೋಗುತ್ತದಲ್ಲ!’ ಈಗ ಬಂದಿರಿ ದಾರಿಗೆ. ನಿಮ್ಮ ಆರಡಿ ಉಳಿಯಲೆಂದು ನಮ್ಮ ಆರಡಿ ಹೋಗಬೇಕು. ಈ ಮಲೆನಾಡಿನಲ್ಲಿ ತೋಟಕ್ಕೆ ದಣಪೆ ಇಟ್ಟ ಹಿರಿಯರಿಗೆ ಇಷ್ಟು ತಿಳಿದಿತ್ತು: ಗಳಗಳು ಪಕ್ಕಕ್ಕೆ ಸರಿಯುತ್ತಿದ್ದವು, ದಾರಿಹೋಕನ ಎದೆಗೆ ಬರುತ್ತಿರಲಿಲ್ಲ.

ಕಾನೂನು ಹೊಸದೇನಲ್ಲ. ಬೀದಿಗೆ ಬೀಸುವ ಗೇಟನ್ನು ಬದಲಿಸು ಎಂದು ಮಾಲೀಕನಿಗೆ ನೋಟಿಸ್ ಕೊಡುವ ಅಧಿಕಾರ 1888ರ ಬಾಂಬೆ ಕಾಯ್ದೆಯಲ್ಲೇ ಇದೆ. ಅಡ್ಡಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2025ರ ಮೇ 14ರಂದು ಹೇಳಿದೆ. ಸಾರ್ವಜನಿಕ ಬೀದಿಯ ಅಡಚಣೆ ತೆಗೆಸುವ ಅಧಿಕಾರವನ್ನು 1964ರ ಕರ್ನಾಟಕದ ಪುರಸಭೆ ಕಾಯ್ದೆ ಕೊಟ್ಟಿದೆ. ಆ ಅಧಿಕಾರ ಯಾರ ಮೇಲೆ ಚಲಾವಣೆಯಾಗುತ್ತಿದೆ? ಮಲ್ಲಿಗೆ ಮೊಳ ಹಾಕುವವಳ ಬುಟ್ಟಿಯ ಮೇಲೆ, ಚುರುಮುರಿ ಗಾಡಿಯ ಮೇಲೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ರಕ್ಷಣೆ ಕೊಟ್ಟಿದ್ದರೂ ಗಾಡಿ ಎತ್ತುವ ಲಾರಿ ಬರುತ್ತದೆ. ಬೀದಿ ನುಂಗುವ ಗೇಟಿನ ಮುಂದೆ ಅದೇ ಲಾರಿ ಹಾರ್ನ್ ಕೂಡ ಮಾಡದೆ ಬಳಸಿಕೊಂಡು ಹೋಗುತ್ತದೆ. ಬುಟ್ಟಿಯದು ಒತ್ತುವರಿ, ಗೇಟಿನದು ಪ್ರತಿಷ್ಠೆ!

ಸಾಗರದ ಪೌರಾಯುಕ್ತರೇ, ತೀರ್ಥಹಳ್ಳಿ, ಹೊಸನಗರದ ಮುಖ್ಯಾಧಿಕಾರಿಗಳೇ, ಸಮಿತಿ ಬೇಡ, ಸಮೀಕ್ಷೆ ಬೇಡ. ಒಂದು ಟೇಪು ಹಿಡಿದು ಬೀದಿಗೆ ಇಳಿಯಿರಿ. ಹೊಸ ಮನೆಗೆ ಪರವಾನಗಿ ಕೊಡುವ ನಕ್ಷೆಯಲ್ಲಿ ಗೇಟು ಯಾವ ಕಡೆ ತೆರೆಯುತ್ತದೆಂದು ಬರೆಸಿಕೊಳ್ಳಿ. ಹೊರಕ್ಕೆ ತೆರೆಯುವ ಹಳೆಯ ಗೇಟಿಗೆ ಮೋಟರ್ ಕೂರಿಸಿದವರಿಗೆ ಒಂದು ತಿಂಗಳ ನೋಟಿಸ್ ಕೊಡಿ. ತಿರುಗಿಸಿಕೊಂಡರೆ ಸಂತೋಷ. ಇಲ್ಲದಿದ್ದರೆ ಗ್ಯಾಸ್ ಕಟರ್ ಕಳಿಸಿ ಕೀಲು ಕತ್ತರಿಸಿ, ಕೂಲಿಯನ್ನು ಮನೆ ಕಂದಾಯದ ಜೊತೆ ವಸೂಲಿ ಮಾಡಿ.